ನಾಲ್ಕು ಗೆರೆಯ ತತ್ತಿ

ಸೋಮವಾರ, ೧೦ ಜನೆವರಿ ೧೯೧೦. ಸಂಜೆ.

ಸಾಹೇಬ ಕೊಡುತ್ತೇನೆ ಅಂದದ್ದನ್ನು ಬರೆದಿಡುತ್ತೇನೆ. ನಾಳೆ ಯಾರೂ ಇಲ್ಲ ಅನ್ನಬಾರದು.

ಪುಣೆಯ ವೈದ್ಯಶಾಲೆಗೆ ಶಿಫಾರಸು ಪತ್ರ, ಚಳಿಗಾಲ ಮುಗಿಯುವುದರೊಳಗೆ. ಲೇಖನದಲ್ಲಿ ಸಾಹೇಬನ ಹೆಸರಿನ ಕೆಳಗೆ ನನ್ನ ಹೆಸರು, ಹೊಳಬಸಪ್ಪ ಅಂತ ಪೂರ್ತಿ. ದಿನಕ್ಕೊಂದು ತಾಸು ಸೂಕ್ಷ್ಮದರ್ಶಕದ ಮುಂದೆ ನಾನೊಬ್ಬನೇ. ಗಾಜಿನ ಸ್ಲೈಡುಗಳ ಪೆಟ್ಟಿಗೆ ನಾನಿಲ್ಲದೆ ಬಂಗಲೆಯ ಹೊಸಿಲು ದಾಟುವುದಿಲ್ಲ.

ಕೊಡದ್ದು — ಪತ್ರ ಮುಂದಿನ ವರ್ಷಕ್ಕೆ ಹೋಯಿತು. ಲೇಖನದ ಕರಡಿನಲ್ಲಿ ನನ್ನ ಹೆಸರಿರಬೇಕಾದಲ್ಲಿ 'ಒಬ್ಬ ನೇಟಿವ್ ಆಳು' ಅಂತಿದೆ. ಕಣ್ಣಾರೆ ಓದಿದೆ. ಒಂದು ತಾಸು ಎಂದರೆ ಸಾಹೇಬ ಮಧ್ಯಾಹ್ನ ಗೊರಕೆ ಹೊಡೆಯುವಷ್ಟು ಹೊತ್ತು. ಪೆಟ್ಟಿಗೆಯ ಮಾತೊಂದು ಇನ್ನೂ ಮುರಿದಿಲ್ಲ. ನೋಡೋಣ.

ಹುನಗುಂದದಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ ಬಿಟ್ಟು ಬಾಗಲಕೋಟೆಗೆ ಬಂದದ್ದು ಈ ನಾಲ್ಕು ಮಾತು ನಂಬಿ. ವಿಲ್ಕಾಟ್ ಸಾಹೇಬ ಫೌಜಿನ ಡಾಕ್ಟರನಾಗಿದ್ದವನು. ಪೆನ್ಶನ್ ತಗೊಂಡು ಹೊಳೆಯ ಕಡೆಯ ಬಂಗಲೆಯಲ್ಲಿ ಕೂತಿದ್ದಾನೆ. ತತ್ತಿಯೊಳಗಿನ ಕೋಳಿಮರಿಯಲ್ಲಿ ಮಿದುಳು ಹೇಗೆ ಕಟ್ಟಿಕೊಳ್ಳುತ್ತದೆ ಅನ್ನುವುದು ಅವನ ಹುಚ್ಚು. ಈಗ ನನ್ನದೂ ಅದೇ. ಅವನು ನೋಡುತ್ತಾನೆ, ತತ್ತಿ ಒಡೆಯುವುದು, ಬೆಳ್ಳಿಯ ದ್ರಾವಣದಲ್ಲಿ ನೆನೆಹಾಕುವುದು, ಮೇಣದಲ್ಲಿ ಹೂತು ಕೂದಲಿಗಿಂತ ತೆಳ್ಳಗೆ ಕೊಯ್ಯುವುದು ಎಲ್ಲ ನಾನು.

ದೀಪದ ಪೆಟ್ಟಿಗೆಯಲ್ಲಿ ಗಡಿಯಾರ ನೋಡಿ ಬೆಳೆಸಿದ ತತ್ತಿ ಈಗ ಸಾಲದಂತೆ. ಕೋಳಿಯ ಕಾವಿನದೂ ಬೇಕಂತೆ. ದೀಪದ ಬಿಸಿ ಬೇರೆ, ಕೋಳಿಯ ಹೊಟ್ಟೆಯ ಬಿಸಿ ಬೇರೆ. ಎರಡೂ ಒಂದೇ ಹೇಳಿದರೆ ನಂಬುತ್ತಾನಂತೆ. ಅದಕ್ಕೇ ಇವತ್ತು ಹೊತ್ತು ಮುಳುಗಿದ ಮೇಲೆ ಕಿಲ್ಲೆಯ ಓಣಿಯ ಹಜರತಬಿಯ ಮನೆಗೆ ಹೋದೆ. ಕೋಳಿ ಸಾಕಿ ಬದುಕುವ ಮುದುಕಿ. ಹನ್ನೊಂದು ತತ್ತಿ ಕಾವಿಗಿಟ್ಟಳು. ಒಂದೊಂದರ ಮೇಲೂ ಇದ್ದಿಲಿನಿಂದ ಒಂದು ಗೆರೆ. ದಿನಕ್ಕೊಂದು ಎಳೆಯುತ್ತಾಳೆ. ನನಗೆ ಬರೆದಿಡುವ ತಾಪತ್ರಯವಿಲ್ಲ.

"ಏನೋ ಬಸಪ್ಪ, ಲಿಂಗಾ ಹಿಡಿಯೂ ಕೈಲೆ ತತ್ತಿ ಒಡೀತಿ. ನಿಮ್ಮ ಅಯ್ಯನವರು ಏನಂದಾರು?"

"ಅವರಿಗೆ ಯಾರು ಹೇಳ್ತಾರು? ನೀ ಹೇಳ್ತೀ ಏನವ್ವಾ?"

"ನಾ ಯಾಕ ಹೇಳಲಿ? ನನ್ನ ಕೋಳಿ ಹೇಳ್ತಾವ. ಅವಕ್ಕ ಬಾಯಿ ಭಾಳ."

ಗುರುವಾರ, ೧೩ ಜನೆವರಿ. ಸಂಜೆ ಏಳು.

ಬಂಗಲೆಯ ಕೆಲಸ ಮುಗಿಸಿ ನೇರವಾಗಿ ಮುದುಕಿಯ ಮನೆಗೆ. ಎರಡು ತತ್ತಿ ತಂದೆ. ನಾಲ್ಕು ಗೆರೆ. ಇದ್ದಿಲು ಇನ್ನೂ ಹಸಿ ಇತ್ತು, ಬೆರಳಿಗೆ ಹತ್ತಿತು. ಬಂಗಲೆಗೆ ವಾಪಸಾಗಿ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಒಡೆದು ಮರಿಯನ್ನು ಸ್ಪಿರಿಟ್ಟಿಗೆ ಹಾಕಿದೆ. ಚೀಟಿ ಬರೆದೆ: ಕೋಳಿಯ ಕಾವು, ನಾಲ್ಕು ದಿನ.

ಮನೆಗೆ ಬಂದರೆ ಸಿದ್ದವ್ವ ಕೈ ನೋಡಿದಳು.

"ಇದೇನ್ರೀ ಬೆರಳು, ಮಸಿ ಬಳಕೊಂಡಂಗ?"

"ಬೆಳ್ಳಿದು."

"ಬೆಳ್ಳಿ ಕರ್ರಗಿರ್ತೈತೇನು? ನನ್ನ ಕಾಲುಂಗರ ನೋಡ್ರಿ."

"ಇದು ನೀರಾಗ ಕರಗಿಸಿದ್ದು. ಬಿಸಲಿಗೆ ಕರ್ರಗಾಗ್ತೈತಿ."

"ಮದುವಿ ಆದಾಗಿಂದ ಬೆಳ್ಳಿ ತರ್ತೇನಿ ತರ್ತೇನಿ ಅಂದ್ರಿ. ಹಿಂಗ ತರ್ತೀರಂತ ಗೊತ್ತಿರಲಿಲ್ಲ. ತೊಳಕೊಂಡು ಪೂಜಿಗೆ ಕೂಡ್ರಿ."

ತೊಳೆದರೆ ಹೋಗುವುದಲ್ಲ ಅದು. ಕರಿಬೆರಳಲ್ಲೇ ಕೂತೆ. ಹೆಂಡತಿಗೆ ಪುಣೆಯ ಪತ್ರದ ಮಾತು ಹೇಳಿದ್ದೇನೆ. ಹೇಳಬಾರದಿತ್ತು.

ಶನಿವಾರ, ೧೫ ಜನೆವರಿ. ಮುಂಜಾನೆ ಎಂಟು.

ಇನ್ನೆರಡು. ಐದು ಗೆರೆ. ಚೀಟಿ: ಐದು ದಿನ. ಬೆಳಕಿರುವಾಗಲೇ ಒಡೆದೆ, ಕೈ ಸಲೀಸಾಗಿ ನಡೆಯಿತು.

ಶನಿವಾರ, ೨೨ ಜನೆವರಿ. ಮಧ್ಯಾಹ್ನ. ಸಾಹೇಬ ಮಲಗಿದ್ದಾನೆ.

ಕಂಡೆ. ಕಂಡೆ. ಕಂಡೆ.

ದೀಪದ ಪೆಟ್ಟಿಗೆಯ ಮೂರು ಸ್ಲೈಡು ಸಾಲಾಗಿ ಇಟ್ಟು ನೋಡಿದೆ. ಎರಡೂವರೆ ದಿನ, ಮೂರು ದಿನ, ಮೂರೂವರೆ ದಿನ. ಮಿದುಳು ಮೊದಲು ಬರೀ ಕೊಳವೆ. ಒಳಗೆ ನೀರು, ಸುತ್ತ ತೆಳ್ಳನೆಯ ಗೋಡೆ. ನರಕೋಶಗಳು ಹುಟ್ಟುವುದು ಗೋಡೆಯ ಒಳಮೈಯಲ್ಲಿ, ನೀರಿನ ದಂಡೆಗೆ. ಅಲ್ಲೇ ಒಂದು ಎರಡಾಗುತ್ತದೆ. ಎರಡೂವರೆ ದಿನದ ಚೂರಿನಲ್ಲಿ ಗೋಡೆಯ ಹೊರ ಅಂಚು ಹೆಚ್ಚುಕಡಿಮೆ ಖಾಲಿ. ಮೂರು ದಿನದ್ದರಲ್ಲಿ ನಾಲ್ಕಾರು ಕೋಶ ಒಳಗಿನ ಸಂದಣಿ ಬಿಟ್ಟು ಎದ್ದಿವೆ. ಮೂರೂವರೆಯದರಲ್ಲಿ ಹೊರ ಅಂಚಿಗೆ ಸಾಲು ಕಟ್ಟಿ ನಿಂತಿವೆ!

ನಡುದಾರಿಯಲ್ಲಿ ಸಿಕ್ಕವನ್ನು ಬಹಳ ಹೊತ್ತು ನೋಡಿದೆ. ಒಳಗೋಡೆಯಿಂದ ಹೊರಗೋಡೆಗೆ ಸಣ್ಣ ಎಳೆಗಳು ಬಿಗಿದಿವೆ. ಆ ಎಳೆಗೆ ಮೈ ಅಂಟಿಸಿ, ಮುಂದೆ ಮೂತಿ ಚೂಪು ಮಾಡಿ, ಬಾಲ ಎಳೆದುಕೊಂಡು ಹೊರಟಿವೆ. ಸತ್ತ ಚೂರು, ಅಲುಗುವುದಿಲ್ಲ. ಆದರೂ ದಾರಿಯಲ್ಲಿರುವವನನ್ನು ನೋಡಿದರೆ ಗೊತ್ತಾಗುವುದಿಲ್ಲವೇ, ಇವನು ಎಲ್ಲಿಂದಲೋ ಬಂದವನು, ಎಲ್ಲಿಗೋ ಹೊರಟವನು ಅಂತ?

ಸಂಜೆ. ಸಾಹೇಬ ಎದ್ದ ಮೇಲೆ ಹೇಳಿದೆ. ನಕ್ಕ. ಕೋಶ ಹುಟ್ಟಿದಲ್ಲೇ ಉಳಿಯುತ್ತದೆ. ಹೊರಗಿನವು ಹೊರಗೇ ಹುಟ್ಟಿದವು, ಒಳಗಿನವು ಒಳಗೆ. ಪ್ರತಿಯೊಂದಕ್ಕೂ ತನ್ನ ಜಾಗ. ನಿಸರ್ಗದ ಶಿಸ್ತು ಅಂದ. ಶಿಸ್ತು ಅನ್ನುವಾಗ ನನ್ನ ಕಡೆ ನೋಡಿದ.

ಈ ಮಾತು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಬೇರೆ ಬೇರೆ ಬಾಯಿಂದ. ಗೌಡನ ಕಟ್ಟೆಯಲ್ಲಿ, ಕಚೇರಿಯ ಮೆಟ್ಟಿಲಲ್ಲಿ. ಈಗ ಗಾಜಿನ ಕೆಳಗೂ ಕೇಳಬೇಕೇ?

ಕೋಳಿಯ ಕಾವಿನ ಸ್ಲೈಡು ಇದನ್ನೇ ಹೇಳಿದರೆ ಅವನು ಒಪ್ಪಲೇಬೇಕು. ಮಾತು ಕೊಟ್ಟಿದ್ದಾನೆ. (ಮತ್ತೆ ಮಾತು!)

ಮಂಗಳವಾರ, ೨೫ ಜನೆವರಿ.

ಮುಂಜಾನೆಯ ರೈಲಿಗೆ ಸಾಹೇಬ ಬಾದಾಮಿಗೆ ಹೋದ. ಗುಡ್ಡದ ಗಾಳಿ ಬೇಕಂತೆ. ಸ್ಲೈಡಿನ ಪೆಟ್ಟಿಗೆಯನ್ನೂ ತಗೊಂಡು ಹೋದ. ಕೋಳಿಯ ಕಾವಿನ ಸ್ಲೈಡುಗಳನ್ನು ನಿನ್ನೆ ಸಂಜೆಯಷ್ಟೇ ಮುಗಿಸಿ ಅದರಲ್ಲಿಟ್ಟಿದ್ದೆ. ನಾನೇ ಇನ್ನೂ ಕಣ್ಣಿಟ್ಟಿರಲಿಲ್ಲ.

ಸ್ಟೇಶನ್ನಿನವರೆಗೆ ಓಡಿದೆ. "ಸಾಹೇಬರ, ಪೆಟ್ಟಿಗಿ... ನೀವು ಮಾತು ಕೊಟ್ಟೀರಿ."

ಅವನ ಕನ್ನಡ ಅರ್ಧ ಫೌಜಿನ ಹಿಂದುಸ್ತಾನಿ. "ಗಾಜು ಯಾರದು? ಹಮಾರಾ. ಪೆಟ್ಟಿಗೆ? ಹಮಾರಾ. ನೀನು ಯಾರವನು?"

ಜನ ನೋಡುತ್ತಿದ್ದರು. ರೈಲು ಹೋಯಿತು. ನಾಲ್ಕಕ್ಕೆ ನಾಲ್ಕೂ ಮುರಿದ.

ಸೋಮವಾರ, ೩೧ ಜನೆವರಿ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಆರು ದಿನದ ಮೇಲೆ ಸಾಹೇಬ ಬಂದ. ಕರೆದ. ಸೂಕ್ಷ್ಮದರ್ಶಕ ತೋರಿಸಿ ನೋಡು ಅಂದ. ಕೋಳಿಯ ಕಾವು, ನಾಲ್ಕು ದಿನ — ನನ್ನ ಅಕ್ಷರ, ನನ್ನ ಚೀಟಿ. ಕಣ್ಣಿಟ್ಟೆ. ಹೊರ ಅಂಚು ಹೆಚ್ಚುಕಡಿಮೆ ಖಾಲಿ. ನಾಲ್ಕಾರು ಬಿಟ್ಟರೆ ಕೋಶಗಳೆಲ್ಲ ಒಳಗೇ ಗುಂಪು. ದೀಪದ ಮೂರೂವರೆ ದಿನದ ಮರಿಯಲ್ಲಿ ಹೊರಗೆ ಸಾಲು ಕಟ್ಟಿದ್ದವು. ಕೋಳಿಯ ನಾಲ್ಕು ದಿನದ್ದರಲ್ಲಿ ಈಗಷ್ಟೇ ಹೊರಡುತ್ತಿವೆ.

"ಹೊರಗೆ ಹೋದವು, ಫಿರ್ ವಾಪಸ್ ಬಂದವೇ? ಸಂತೆಗೆ ಹೋಗಿದ್ದವೇನು?"

ಚೀಟಿಯನ್ನು ಮತ್ತೊಮ್ಮೆ ಓದಿದೆ.

ಅವನೇ ಹೇಳಿದ. ನೀನು ತತ್ತಿ ಬೇಕಾದಾಗ ಒಡೆದಿದ್ದೀಯ, ಚೀಟಿ ಬೇಕಾದಂತೆ ಬರೆದಿದ್ದೀಯ. ಸುಳ್ಳುಗಾರ. ಪುಣೆಗೆ ಪತ್ರ ಬರೆಯುತ್ತೇನೆ, ಬೇರೆ ಪತ್ರ. ಈ ಮನುಷ್ಯನನ್ನು ಯಾವ ದವಾಖಾನೆಯ ಒಳಗೂ ಬಿಡಬೇಡಿ ಅಂತ. ನಾಳೆಯಿಂದ ಬರಬೇಡ.

ಚೀಟಿ ನಾನೇ ಬರೆದದ್ದು. ಗೆರೆ ನಾನೇ ಎಣಿಸಿದ್ದು. ನಾಲ್ಕು ಅಂದರೆ ನಾಲ್ಕು. ಹಾಗಾದರೆ ಆರು ದಿನ ಪೆಟ್ಟಿಗೆ ಯಾರ ಕೈಯಲ್ಲಿತ್ತು?

ಗುರುವಾರ, ೩ ಫೆಬ್ರುವರಿ.

ಶಂಕ್ರಪ್ಪ ಬಂದ. ಇಳಕಲ್ಲಿನ ನೇಕಾರ, ದುಡಿಯುವವರ ನಮ್ಮ ಕೂಟದ ಮುಂದಾಳು. ಅರ್ಜಿ ಬರೆಯಲು, ಸಭೆಯಲ್ಲಿ ಎದ್ದು ನಿಂತು ಮಾತಾಡಲು ನನಗೆ ಕಲಿಸಿದವನು. ಹುನಗುಂದದ ಮೇಲೆ ಹಾಯ್ದು ಎರಡು ದಿನ ಬಂಡಿಯಲ್ಲಿ ಬಂದಿದ್ದಾನೆ. ಚಿತ್ರ ಬರೆದು ತೋರಿಸಿದೆ. ಗೋಡೆ, ಎಳೆ, ಎಳೆಗೆ ಅಂಟಿದ ಕೋಶ.

"ಇದು ಮಗ್ಗದ ಹಾಸಿನ ಎಳಿ," ಅಂದ, ಬೆರಳಿಟ್ಟು. "ಬಿಗದಾರ. ಇದರ ಗುಂಟ ಹೊಂಟಾವು. ಇದರಾಗ ತಿಳೀಲಾರದ್ದೇನೈತೋ? ನಿಮ್ಮ ಸಾಹೇಬ ಮಗ್ಗ ನೋಡಿಲ್ಲೇನು?"

"ನೋಡ್ಯಾನ. ನೇಯವರನ್ನ ನೋಡಿಲ್ಲ."

"ಅದು ಖರೆ. ಚೀಟಿ ಯಾರ ಕೈಯಾಗಿದ್ವು?"

"ಸಾಹೇಬನ ಕೈಯಾಗ. ಆರು ದಿನಾ."

"ಮತ್ತಿನ್ನೇನು ಬೇಕಲೇ ನಿನಗ? ಬರಿ."

ಬರೆದೆ. ಒಂದೇ ಉಸಿರಿಗೆ. 'ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ದುಡಿಯುವ ಜನರೇ! ತಾನು ನಂಬಿದ್ದು ಸುಳ್ಳಾಗಬಾರದೆಂದು ಸಾಹೇಬ ಗಾಜಿನ ಮೇಲಿನ ಚೀಟಿ ಬದಲಿಸಿದ. ದುಡಿದವನನ್ನು ಸುಳ್ಳುಗಾರ ಮಾಡಿದ. ನಮ್ಮನ್ನು ಒಂದು ಮಾತು ಕೇಳಿದವರಿಲ್ಲ. ಕೇಳದವರ ಕಿವಿ ತೆರೆಸೋಣ!' ಕೆಳಗೆ ನನ್ನ ಹೆಸರು. ಕಲ್ಲಚ್ಚಿನಲ್ಲಿ ಮುನ್ನೂರು ಪ್ರತಿ.

ಬರೆಯುವಾಗ ಸುಖವಾಯಿತು. ಅದನ್ನೂ ಬರೆದಿಡುತ್ತೇನೆ.

ಶನಿವಾರ, ೧೨ ಫೆಬ್ರುವರಿ.

ಒಂಬತ್ತು ದಿನ ಪುಸ್ತಕ ಮುಟ್ಟಲಿಲ್ಲ. ಪುರುಸೊತ್ತಿರಲಿಲ್ಲ.

ಹ್ಯಾಂಡ್‌ಬಿಲ್ಲು ಎಲ್ಲ ಕಡೆ ಹೋಗಿದೆ. ಇಳಕಲ್ಲಿನಲ್ಲಿ ಮಗ್ಗದ ಮನೆಗಳ ಗೋಡೆಗೆ ಹಚ್ಚಿದ್ದಾರೆ. ಕುಳಗೇರಿಯಲ್ಲಿ ಬಂಡಿ ನಿಲ್ಲಿಸಿ ಯಾರೋ ದೊಡ್ಡ ದನಿಯಲ್ಲಿ ಓದಿದರಂತೆ. ಸಂತೆಯಲ್ಲಿ ಗುರುತಿಲ್ಲದವರು ಬಂದು ಬೆನ್ನು ತಟ್ಟುತ್ತಾರೆ. ಬಂಗಲೆಯ ಅಡಿಗೆಯವನು ಕೆಲಸ ಬಿಟ್ಟ. ಸಾಹೇಬನ ಕುದುರೆಗಾಡಿಗೆ ಸೆಗಣಿ ಬಿತ್ತು.

ಇವತ್ತು ಪೊಲೀಸ್ ಹವಾಲ್ದಾರ ಮನೆಗೆ ಬಂದು ತಂದೆಯ ಹೆಸರು, ಊರು ಕೇಳಿ ಬರೆದುಕೊಂಡು ಹೋದ. ಅವನ ಹಿಂದೆಯೇ ಸಾಹೇಬನ ಪತ್ರ. ಮಾರ್ಚಿನ ಮೊದಲ ವಾರ ಮುಂಬಯಿಯಿಂದ ಒಬ್ಬ ಪ್ರೊಫೆಸರ್ ಸ್ಲೈಡು ನೋಡಲು ಬರುತ್ತಾನೆ. ಅವನೆದುರು ಚೀಟಿ ಬದಲಿಸಿದ್ದನ್ನು ರುಜುವಾತು ಮಾಡು. ಇಲ್ಲವೆ ಕೋರ್ಟು, ಜೇಲು.

ಸಿದ್ದವ್ವ ಪತ್ರವನ್ನು ಓದಿಸಿ ಕೇಳಿದಳು. "ನೀವು ಖರೆ ನೋಡೀರೇನ್ರೀ, ಅವ ಬದಲ ಮಾಡಿದ್ದು?"

"ನೋಡೂದ್ಯಾಕ ಬೇಕು? ಮತ್ಯಾರು ಮಾಡ್ತಾರ?"

"ನಾ ಅದನ್ನ ಕೇಳಲಿಲ್ಲ."

ಎದ್ದು ಹೊರಗೆ ಹೋದೆ.

ಸೋಮವಾರ, ೧೪ ಫೆಬ್ರುವರಿ. ಸಂಜೆ.

ಮತ್ತೆ ಮೊದಲಿನಿಂದ ಮಾಡುತ್ತೇನೆ. ಬೆಳ್ಳಿಯ ದ್ರಾವಣ ಒಂದು ಬಾಟಲಿ ನನ್ನಲ್ಲಿದೆ. ಅದೇ ಓಣಿ, ಅದೇ ಮುದುಕಿ, ಅದೇ ಕೋಳಿ. ನಾಲ್ಕು ದಿನ ಅಂದರೆ ನಾಲ್ಕೇ ದಿನ ಅಂತ ಪ್ರೊಫೆಸರನ ಮೂಗಿನ ಮುಂದೆ ಇಡುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಹಜರತಬಿ ಒಂಬತ್ತು ತತ್ತಿ ಕಾವಿಗಿಟ್ಟಳು.

ಗುರುವಾರ, ೧೭ ಫೆಬ್ರುವರಿ. ಸಂಜೆ ಏಳೂವರೆ.

ಹೊತ್ತು ಮುಳುಗುವುದಕ್ಕೆ ಮೊದಲೇ ಹೋಗಿದ್ದೆ. ಬಾಗಿಲಲ್ಲಿ ಕೂತೆ. ಮಸೀದಿಯಲ್ಲಿ ಬಾಂಗ್ ಆಯಿತು. ಮುದುಕಿ ನಮಾಜು ಮುಗಿಸಿ ಎದ್ದು ದೀಪ ಹಚ್ಚಿದಳು. ಬುಟ್ಟಿಯ ಹತ್ತಿರ ಕೂತು ಕೋಳಿಯ ಹೊಟ್ಟೆಯಡಿ ಕೈಹಾಕಿ ತತ್ತಿ ಒಂದೊಂದಾಗಿ ತೆಗೆದಳು. ಮೂರು ಗೆರೆ ಇದ್ದವು, ಮೂರು ದಿನಕ್ಕೆ ಮೂರು. ಇದ್ದಿಲು ತಗೊಂಡು ನಾಲ್ಕನೆಯದು ಎಳೆದಳು.

"ನಾಳಿನ ಗೆರಿ ಈಗ್ಯಾಕ ಎಳದಿ ಅವ್ವಾ?"

"ನಾಳಿದು ಎಲ್ಲಿದು? ಇವತ್ತಿಂದು."

"ಇವತ್ತು ಮುಗೀತಲ್ಲ."

"ಮುಗೀತು. ಅದಕ್ಕ ಹೊಸಾದು ಸುರು ಆತು. ಮಗರಿಬ್ ಬಾಂಗ್ ಆತಂದ್ರ ಹೊಸಾ ದಿನಾ."

"ದಿನಾ ಸಂಜಿಮುಂದ ಹುಟ್ಟತೈತೇನು?"

"ಅರೆ! ಮತ್ತ ರಂಜಾನದ ಚಂದ್ರನ್ನ ಯಾವಾಗ ನೋಡ್ತಾರೋ? ಮುಂಜಾನೆ ರೊಟ್ಟಿ ತಿನ್ನೂಮುಂದೇನು?"

ಗೆರೆಗಳನ್ನು ಬೆರಳಿಟ್ಟು ಎಣಿಸಿದೆ. "ಕೋಳಿ ಕೂಡ್ರಿಸಿದ ದಿನಾ ಒಂದು ಗೆರಿ ಹಾಕ್ತೀಯಲ್ಲ. ಅದು?"

"ಅದು ಮೊದಲನೇ ದಿನಾ. ಕೂತ ಕೂಡಲೇ ಮೊದಲನೇದು ಸುರು."

"ಅಂದ್ರ ಈ ತತ್ತಿಗೆ ನಾಲ್ಕು ದಿನಾ ಆಗಿಲ್ಲ. ಮೂರಾಗ್ಯಾವು!"

"ನಾಲ್ಕನೇದು ಹುಟ್ಟೇತಿ. ನಾಲ್ಕು ಆಗ್ಯಾವಂತ ನಾ ಯಾವಾಗ ಅಂದೆ?"

"ನನಗ ಹೇಳಬೇಕಿಲ್ಲೇನವ್ವಾ!" ಕೂಗಿಬಿಟ್ಟೆ. ಕೋಳಿ ಬೆದರಿ ರೆಕ್ಕೆ ಬಡಿಯಿತು.

ಮುದುಕಿ ಕೋಳಿಯನ್ನು ಸವರಿ ಸುಮ್ಮನಾಗಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಕೇಳಿದಿ ಏನು? ಬಂದಿ, ತತ್ತಿ ತಗೊಂಡಿ, ಹೋದಿ. ನಿನ್ನ ಲೆಕ್ಕ ಹೆಂಗ ಹಜರತಬೀ ಅಂತ ಒಮ್ಮೆರ ಬಾಯಿ ಬಿಟ್ಟು ಕೇಳೀ ಏನು?"

ಶುಕ್ರವಾರ, ೧೮ ಫೆಬ್ರುವರಿ. ಮುಂಜಾನೆ.

ಇದೇ ಪುಸ್ತಕದ ಹಿಂದಿನ ಹಾಳೆ ತಿರುವಿದೆ. ಗುರುವಾರ, ಸಂಜೆ ಏಳು. ಗಂಟೆ ಸಮೇತ ಬರೆದಿದ್ದೇನೆ, ನನ್ನ ಕೈಯಿಂದಲೇ. ಸೋಮವಾರ ಸಂಜೆ ಕಾವಿಗೆ ಕೂತದ್ದು ಗುರುವಾರ ಸಂಜೆಗೆ ಬರೋಬ್ಬರಿ ಮೂರು ದಿನ. ನಾನು ಬರೆದದ್ದು ನಾಲ್ಕು. ಶನಿವಾರ ಮುಂಜಾನೆಯದು ನಾಲ್ಕೂವರೆಯ ಮೇಲೆ ಸ್ವಲ್ಪ. ನಾನು ಬರೆದದ್ದು ಐದು. ಸಂಜೆ ತಂದದ್ದಕ್ಕೆ ಇಡೀ ದಿನ ತಪ್ಪು, ಮುಂಜಾನೆ ತಂದದ್ದಕ್ಕೆ ಅರ್ಧ. ಅದಕ್ಕೇ ದಿನಗಳ ಸಾಲು ಕೆಟ್ಟದ್ದು.

ಸರಿಮಾಡಿ ಇಟ್ಟರೆ ಕೋಳಿಯ ಮೂರು, ದೀಪದ ಮೂರು — ಒಂದೇ. ಎರಡೂ ಒಂದೇ ಹೇಳುತ್ತವೆ. ನರಕೋಶ ನಡೆಯುತ್ತದೆ. ನಾನು ಕಂಡದ್ದು ನಿಜ.

ಆದರೆ ನಾನು ಬರೆದದ್ದು ಸುಳ್ಳು. ಮುನ್ನೂರು ಪ್ರತಿ. ಸಾಹೇಬ ಚೀಟಿ ಮುಟ್ಟಿಲ್ಲ. ಮಾತು ಮುರಿದ, ಹೆಸರು ಒರೆಸಿದ, ಸ್ಟೇಶನ್ನಿನಲ್ಲಿ ಮರ್ಯಾದೆ ಕಳೆದ, ಎಲ್ಲ ಮಾಡಿದ. ಇದೊಂದು ಮಾಡಲಿಲ್ಲ. ನಾನು ಹಿಡಿದದ್ದು ಇದೊಂದನ್ನೇ.

'ನಮ್ಮನ್ನು ಒಂದು ಮಾತು ಕೇಳಿದವರಿಲ್ಲ' ಅಂತ ಅಚ್ಚು ಹಾಕಿಸಿದೆನಲ್ಲ. ಮುದುಕಿಯನ್ನು ಕೇಳಿದವನು ಯಾರು? ನಾನೇನು ಸಾಹೇಬನಿಗಿಂತ ಕಡಿಮೆ ಸಾಹೇಬನೇ?

ರವಿವಾರ, ೨೦ ಫೆಬ್ರುವರಿ.

ಶಂಕ್ರಪ್ಪನನ್ನು ಮನೆಗೆ ಕರೆಸಿ ಹೇಳಿದೆ. ಊರಲ್ಲೇ ಇದ್ದಾನೆ, ಸಂಬಂಧಿಕರ ಮನೆಯಲ್ಲಿ. ಕೇಳಿದ ಕೂಡಲೇ ಎದ್ದು ಬಾಗಿಲು ಮುಂದಕ್ಕೆ ಎಳೆದ.

"ಯಾರ ಮುಂದ ಅಂದಿ ಇದನ್ನ?"

"ನಿನ್ನ ಮುಂದ ಅಷ್ಟ."

"ಹಂಗಾರ ಇಲ್ಲೇ ಮುಗೀತು. ನಾಕು ಊರು ಎದ್ದು ನಿಂತಾವು ಲೇ, ನಿನ್ನ ಒಂದು ಚೀಟಿಗೆ. ಈಗ ಹೋಗಿ ನಂದು ತಪ್ಪಾತ್ರೀ ಸಾಹೇಬರ ಅಂದ್ರ ನಾಳೆ ನಮ್ಮ ಅರ್ಜಿ ಯಾವ ಕಚೇರಿಯಾಗ ಓದ್ತಾರು?"

"ಸುಳ್ಳಿನ ಮ್ಯಾಲೆ ನಿಂತಾವಲ್ಲೋ ಶಂಕ್ರಪ್ಪಣ್ಣ."

"ಅವರ ಸುಳ್ಳಿನ ಕೆಳಗ ನಾವು ಎಷ್ಟು ವರ್ಷ ನಿಂತೇವಿ? ಒಂದ ನಮ್ಮದೂ ಇರಲಿ."

"ಕೋಶ ನಡೀತಾವು ಅಂತ ತೋರಿಸಬೇಕಂದ್ರ ಚೀಟಿ ಸರಿ ಮಾಡಬೇಕು. ಚೀಟಿ ಸರಿ ಮಾಡಿದ್ರ ಹ್ಯಾಂಡ್‌ಬಿಲ್ಲು ಸುಳ್ಳಾಗ್ತೈತಿ. ಎರಡೂ ಉಳಿಯೂದಿಲ್ಲ."

"ಕೋಶ ಹಾಳಾಗಿ ಹೋಗಲಿ! ನಿನ್ನ ಕೋಶ ಮತ ಹಾಕ್ತಾವೇನು, ಕರ ಕಟ್ತಾವೇನು?"

ನಗು ಬಂತು. ಅವನಿಗೂ ಬಂತು. ಆದರೆ ಹೋಗುವಾಗ ಹಿಂತಿರುಗಿ ನೋಡಲಿಲ್ಲ.

ಮಂಗಳವಾರ, ೧ ಮಾರ್ಚ್.

ಒಂಬತ್ತು ದಿನ ಬೇಕಾಯಿತು ಬಂಗಲೆಯ ಮೆಟ್ಟಿಲು ಹತ್ತಲು. ಗೆರೆಯ ಲೆಕ್ಕವನ್ನು ನಿಂತೇ ಹೇಳಿದೆ. ಕೂಡ್ರು ಅನ್ನಲಿಲ್ಲ.

ಸಾಹೇಬ ಎದ್ದುಹೋಗಿ ದೀಪದ ಮೂರು ಇಟ್ಟು ನೋಡಿದ. ಅದನ್ನು ತೆಗೆದು ಕೋಳಿಯ 'ನಾಲ್ಕು' ಇಟ್ಟ. ಮತ್ತೆ ಅದು. ಮತ್ತೆ ಇದು. ಅವನ ಕಿವಿ ಕೆಂಪಾಯಿತು. 'ಬರಾಬರ್' ಅಂದ. ನರಕೋಶ ನಡೆಯುತ್ತದೆ ಅನ್ನಲಿಲ್ಲ. ಪ್ರೊಫೆಸರಿಗೆ ತೋರಿಸಬಹುದು ಅಂದ.

ಆಮೇಲೆ ಒಂದು ಕಾಗದ ಬರೆದು ಮುಂದೆ ತಳ್ಳಿದ. ತತ್ತಿ ಮಾರುವ ಅಜ್ಞಾನಿ ಹೆಂಗಸೊಬ್ಬಳು ದಿನ ತಪ್ಪಾಗಿ ಎಣಿಸಿ ನನ್ನನ್ನು ದಾರಿ ತಪ್ಪಿಸಿದಳು, ಅವಳಿಂದಾಗಿ ನಾನು ಸಾಹೇಬರ ಮೇಲೆ ಸುಳ್ಳು ಬರೆದೆ. ಸಹಿ ಮಾಡು. ಕೋರ್ಟಿಲ್ಲ. ಅಷ್ಟೇ ಅಲ್ಲ. ಡ್ರಾವರಿನಿಂದ ಇನ್ನೊಂದು ಹಾಳೆ ತೆಗೆದ. ಪುಣೆಯ ಪತ್ರ. ಬರೆದೇ ಇಟ್ಟಿದ್ದ, ಯಾವಾಗಿನಿಂದಲೋ. ನನ್ನ ಹೆಸರು ಒಂದಕ್ಷರವೂ ತಪ್ಪಿರಲಿಲ್ಲ.

ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ನಾಲ್ಕು ದಿನ ಕೊಡಿ ಅಂದೆ.

ಗುರುವಾರ, ೩ ಮಾರ್ಚ್.

ಹಜರತಬಿಗೆ ಕಾಗದದ ಮಾತು ಹೇಳಿದೆ. ಜೋಳ ಚೆಲ್ಲುತ್ತಾ ಕೇಳಿದಳು.

"ನಂದು ಹೆಸರು ಹಾಕಿದ್ರ ನೀ ಡಾಕ್ಟರ ಆಗ್ತೀ ಏನು?"

"ಹಾದಿ ಸಿಗ್ತೈತಿ."

"ಜೇಲು ತಪ್ಪತೈತಿ?"

"ತಪ್ಪತೈತಿ."

"ಹಂಗಾರ ಹಾಕು. ನನ್ನ ಹೆಸರಿಂದ ಯಾರಿಗೇನು ಆಗೂದೈತಿ." ಜೋಳ ಮುಗಿಯಿತು. ಸೆರಗು ಝಾಡಿಸಿದಳು. "ಆದ್ರ ಎಣಿಕಿ ತಪ್ಪಿದ್ಲು ಅಂತ ಬರೀಬ್ಯಾಡ. ನಾಲ್ವತ್ತು ವರ್ಷಾತು ಈ ಓಣಿಯಾಗ ಮರಿ ಎಬ್ಬಿಸಾಕ ಹತ್ತಿ. ಒಂದ ದಿನಾ ತಪ್ಪಿಲ್ಲ. ಮುದುಕಿ ಕಳ್ಳಿ ಅಂತ ಬರಿ, ಹುಚ್ಚಿ ಅಂತ ಬರಿ. ಎಣಿಕಿ ತಪ್ಪಿದ್ಲು ಅಂತ ಮಾತ್ರ ಬರೀಬ್ಯಾಡ."

ಮನೆಗೆ ಬಂದು ಸಾಹೇಬನ ಕಾಗದ ಒಲೆಗೆ ಹಾಕಿದೆ. ಸಿದ್ದವ್ವ ರೊಟ್ಟಿ ತಟ್ಟುತ್ತಿದ್ದಳು.

"ಅದ ಏನು, ಪುಣೆ ಹಾದಿ?"

"ಹೂಂ."

ರೊಟ್ಟಿ ಮಗುಚಿಹಾಕಿದಳು. "ಜೇಲಿನಾಗ ರೊಟ್ಟಿ ಕೊಡ್ತಾರೋ ಇಲ್ಲೋ," ಅಂದಳು. ಒಂದು ಹೆಚ್ಚು ಬಡಿಸಿದಳು.

ಶನಿವಾರ, ೫ ಮಾರ್ಚ್. ಸಂಜೆ ಐದು.

ಪ್ರೊಫೆಸರ್ ಮಧ್ಯಾಹ್ನದ ರೈಲಿಗೆ ಇಳಿದ. ಬಂಗಲೆಯ ಜವಾನ ಬಂದು ಹೇಳಿಹೋದ: ನಾಳೆ ಹಾಜರಾಗಬೇಕು, ಕಾಗದಕ್ಕೆ ಸಹಿ ಮಾಡಿಕೊಂಡು. ಈ ಸಲ ಮುದುಕಿಯನ್ನು ಮೊದಲೇ ಕೇಳಿದ್ದೆ, ಬರುತ್ತೇನೆ ಅಂದಿದ್ದಳು. ಹಜರತಬಿಯೂ ಬರುತ್ತಾಳೆ, ತನ್ನ ಗೆರೆಯನ್ನು ತಾನೇ ಹೇಳುತ್ತಾಳೆ, ಅವಳಿಗೊಂದು ಕುರ್ಚಿ ಹಾಕಿಸಿರಿ ಅಂತ ಹೇಳಿಕಳಿಸಿದೆ. ಅರ್ಧ ತಾಸಿಗೆ ಜವಾಬು ಬಂತು. ಹೆಂಗಸನ್ನು ಗೇಟಿನೊಳಗೆ ಬಿಡುವುದಿಲ್ಲ.

ಹೊಸ ಹ್ಯಾಂಡ್‌ಬಿಲ್ಲು ಬರೆದೆ. ಅಚ್ಚಿಗೆ ಹೊತ್ತಿಲ್ಲ, ಕೈಬರಹದಲ್ಲೇ. 'ಚೀಟಿ ಬದಲಿಸಿದ್ದು ಸಾಹೇಬನಲ್ಲ. ತಪ್ಪು ಬರೆದವನು ನಾನು. ಗೆರೆ ಎಳೆದವಳ ಎಣಿಕೆ ಸರಿ. ಅವಳನ್ನು ಕೇಳದೆ ಬರೆದವನು ನಾನು. ಅವಳ ಎಣಿಕೆಯ ಪ್ರಕಾರ ಇಟ್ಟು ನೋಡಿದರೆ ನರಕೋಶ ಒಳಗೆ ಹುಟ್ಟಿ ಹೊರಗೆ ನಡೆದುಹೋಗುತ್ತದೆ. ಇದನ್ನು ಸಾಹೇಬನೂ ನೋಡಿದ್ದಾನೆ. ಅವನು ನನಗೆ ಕೊಟ್ಟ ನಾಲ್ಕು ಮಾತು ಮುರಿದದ್ದು ನಿಜ. ಅದನ್ನು ನಾನು ಹಿಂದಕ್ಕೆ ತಗೊಂಡಿಲ್ಲ.'

ಎರಡನೇ ಪ್ರತಿ ಬರೆಯುವಾಗ ಬಾಗಿಲಲ್ಲಿ ಶಂಕ್ರಪ್ಪ. ಒಳಗೆ ಬಾ ಅನ್ನುವ ಮೊದಲೇ ಬಂದ. ಓದಿದ. ಮುಖ ಗಂಟುಹಾಕಿಕೊಂಡ.

"ನಮ್ಮ ಕೂಟಾ ಹಾಳ ಮಾಡಿದಿ."

"ಹೌದು."

"ನಿನ್ನ ಅಕ್ಷರಾ ನಾಯಿ ಸಹಿತ ಓದೂದಿಲ್ಲ. ಸರಿ, ಲೆಕ್ಕಣಿಕಿ ಕೊಡಿಲ್ಲಿ."

ಕೂತಿದ್ದಾನೆ ಈಗ, ಎದುರಿಗೆ, ಬರೆಯುತ್ತಾ, ಬೈಯುತ್ತಾ. ಹದಿನಾರನೇ ಪ್ರತಿ. ಕಿಲ್ಲೆಯ ಓಣಿಗೆ ಸಿದ್ದವ್ವನನ್ನು ಕಳಿಸಿದ್ದೇನೆ, ಹೊತ್ತು ತಿಳಿಸಲು.

ನಾಳೆಗೆ ನಾನು ಕೊಡುವ ಮಾತನ್ನೂ ಬರೆದಿಡುತ್ತೇನೆ: ರವಿವಾರ, ೬ ಮಾರ್ಚ್, ಮುಂಜಾನೆ ಎಂಟು ಗಂಟೆ. ಬಂಗಲೆಯ ಪಡಸಾಲೆ. ಮುದುಕಿಗೆ ಗೇಟು ತೆಗೆಯದಿದ್ದರೆ ಗೇಟಿನ ಹೊರಗೇ ಸಭೆ. ಎಂಟು ಬಡಿದ ಕೂಡಲೇ ಮೊದಲು ನಾನು ನನ್ನ ತಪ್ಪು ಓದುತ್ತೇನೆ, ಆಮೇಲೆ ಹಜರತಬಿ ತನ್ನ ಎಣಿಕೆ ಹೇಳುತ್ತಾಳೆ.